ಹದಿನಾಲ್ಕನೇ ಹಾಸಿಗೆಯ ಮನೆಯವರು

ಏಪ್ರಿಲ್ 9

ಹದಿನಾಲ್ಕನೇ ಹಾಸಿಗೆಯ ಯಜಮಾನರಿಗೆ,

ನಮಸ್ಕಾರ. ನಾನು ಈ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ಡಾಕ್ಟರಲ್ಲ, ನರ್ಸಲ್ಲ. ‘ಹಾಗಾದ್ರೆ ಪತ್ತೇದಾರಳಾ?’ ಅಂತ ನೀವು ಸಿಸ್ಟರ್‌ಗೆ ಚೀಟಿ ಬರೆದು ಕೇಳಿದಿರಂತೆ. ನಿಮ್ಮಂಥವರು ಸಿಕ್ಕಿದ ಮೇಲೆ ಅದೂ ಆಗಬೇಕಾಗಿದೆ.

ಒಳಗಿರುವ ರೋಗಿಗೂ ಹೊರಗಿರುವ ಮನೆಯವರಿಗೂ ನಡುವೆ ಓಡಾಡುವುದು ನನ್ನ ಕೆಲಸ. ಈ ಕಾಯಿಲೆ ಊರಿಗೆಲ್ಲ ಹಬ್ಬಿದ ಮೇಲೆ ಮನೆಯವರನ್ನು ಗೇಟಿನ ಒಳಗೆ ಬಿಡುತ್ತಿಲ್ಲ, ನನ್ನನ್ನು ನಿಮ್ಮ ವಾರ್ಡಿನೊಳಗೆ ಬಿಡುತ್ತಿಲ್ಲ. ಓಡಾಟವೆಲ್ಲ ಫೋನಿನಲ್ಲೇ. ನಿಮ್ಮ ಗಂಟಲಿಗೆ ನಳಿಕೆ ಹಾಕಿರುವುದರಿಂದ ನಿಮಗೆ ಫೋನೂ ಇಲ್ಲ. ಅದಕ್ಕೇ ಈ ಕಾಗದ.

ನಿಯಮ ಇಷ್ಟೇ: ಒಬ್ಬ ರೋಗಿಗೆ ಒಬ್ಬರೇ ಮನೆಯವರು, ಅವರಿಗೆ ನಮ್ಮಿಂದ ದಿನಕ್ಕೊಂದು ಕರೆ. ಮೂವತ್ತು ಹಾಸಿಗೆಯಲ್ಲಿ ಇಪ್ಪತ್ತೊಂಬತ್ತಕ್ಕೆ ಮನೆಯವರು ಸಿಕ್ಕಿದ್ದಾರೆ. ನೀವು ‘ನಮ್ಮಣ್ಣ’ ಅಂತ ಕೊಟ್ಟ ನಂಬರಿಗೆ ಫೋನ್ ಮಾಡಿದರೆ ‘ನಾಳೆ ಭಾಗಶಃ ಮೋಡ ಕವಿದ ವಾತಾವರಣ’ ಅಂತ ಒಬ್ಬ ಹೆಂಗಸಿನ ಧ್ವನಿ. ನಾನು ಎರಡು ಸಲ ನಮಸ್ಕಾರ ಹೇಳಿದೆ ಆಕೆಗೆ. ‘ಬಾವಮೈದ’ ಅಂತ ಕೊಟ್ಟದ್ದು ಈಜುಕೊಳದ್ದು. ಮುಚ್ಚಿದೆಯಂತೆ, ನೀರು ತೆಗೆದಿದ್ದಾರಂತೆ. ಥ್ಯಾಂಕ್ಸ್.

ಯಜಮಾನ್ರೇ, ಇದು ಆಟವಲ್ಲ. ತಿಂಗಳ ಇಪ್ಪತ್ತೊಂಬತ್ತಕ್ಕೆ ನಿಮ್ಮ ಹಾಸಿಗೆ ಖಾಲಿ ಆಗಬೇಕು. ನಳಿಕೆ ಇನ್ನೂ ಇರುತ್ತದೆ. ಯಾರಾದರೂ ಒಬ್ಬರು ಎರಡು ದಿನ ಬಂದು ಅದನ್ನು ತೊಳೆಯುವುದು, ಕಫ ಹೀರುವ ಯಂತ್ರ ನಡೆಸುವುದು ಕಲಿತರೆ ನೀವು ಮನೆಗೆ ಹೋಗಬಹುದು. ಇಲ್ಲದಿದ್ದರೆ ಆಟದ ಮೈದಾನದ ಒಳಾಂಗಣದಲ್ಲಿ ಮಾಡಿರುವ ಆರೈಕೆ ಕೇಂದ್ರಕ್ಕೆ. ಅಲ್ಲಿ ಎಂಬತ್ತು ಜನಕ್ಕೆ ಇಬ್ಬರು ನರ್ಸ್. ನಾನು ಕಳಿಸಿದ ನಳಿಕೆಯವರಲ್ಲಿ ಮೂವರು ವಾರದೊಳಗೆ ಇಲ್ಲಿಗೇ ವಾಪಸು ಬಂದರು. ಒಬ್ಬರು ಬರಲೇ ಇಲ್ಲ.

ಇನ್ನೊಂದು ಮಾತು. ನನ್ನ ಕಾಗದ ಅವತ್ತೇ ಒಳಗೆ ಬರುತ್ತದೆ. ನಿಮ್ಮದನ್ನು ಸೋಂಕಿನ ಭಯಕ್ಕೆ ಲಕೋಟೆಗೆ ಹಾಕಿ ವಾರ್ಡಿನ ಬಾಗಿಲ ಪಕ್ಕದ ಕಪಾಟಿನಲ್ಲಿ ಮೂರು ದಿನ ಇಟ್ಟು ಆಮೇಲೆ ನನಗೆ ಕೊಡುತ್ತಾರೆ. ಹಾಗಾಗಿ ನಿಮ್ಮ ಒಂದೊಂದು ಸುಳ್ಳೂ ನನಗೆ ಮೂರು ದಿನ ತಡವಾಗಿ, ಹಳಸಿಕೊಂಡು ಬರುತ್ತದೆ. ದಯವಿಟ್ಟು ಈ ಸಲ ನಿಜ ಬರೆಯಿರಿ.

ಸಮಾಜ ಕಾರ್ಯಕರ್ತೆ
(ನೆಲಮಹಡಿ, ಮೊದಲು ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆ)

*

ಏಪ್ರಿಲ್ 9

ಮೇಡಮ್ಮನವರಿಗೆ,

ನಿಮ್ಮ ಕಾಗದ ಓದಿ ನಕ್ಕೆ. ನಕ್ಕಾಗ ಈಗ ಗಂಟಲಿನ ತೂತಿನಿಂದ ಸೀಟಿ ಬರುತ್ತದೆ. ಸಿಸ್ಟರ್ ಕುಕ್ಕರ್ ಅಂದುಕೊಂಡು ಓಡಿ ಬಂದರು. ಪಾಪ, ಆ ಬಿಳಿ ಉಡುಪಿನಲ್ಲಿ ಚಂದ್ರನ ಮೇಲೆ ನಡೆದಂತೆ ನಡೆಯುತ್ತಾರೆ. ಅವರಿಗೆ ‘ಗಗನಯಾತ್ರಿ’ ಅಂತ ಹೆಸರಿಟ್ಟಿದ್ದೇನೆ.

ನನ್ನ ಪರಿಸ್ಥಿತಿ ಇಷ್ಟು: ಉಸಿರಾಡಬಲ್ಲೆ, ಉಸುರಲಾರೆ. ನಾನು ಹಾಸಿಗೆ ಹಿಡಿದಿಲ್ಲ, ಹಾಸಿಗೆ ನನ್ನನ್ನು ಹಿಡಿದಿದೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು ನಾನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ತಲೆಕೆಳಗಾಗಿ ಓದಿ, ಇಡೀ ಊರಿನ ಮದುವೆ ಮಸಣ ಎಲ್ಲ ಅಚ್ಚು ಹಾಕಿದ್ದೇನೆ. ಅಂಥವನಿಗೆ ವಾರ್ಡಿನಲ್ಲಿ ವಾರಸುದಾರ ಬೇಕು ಅಂತೀರಿ. ದಿನಕ್ಕೊಂದು ಕರೆ ಅಂತೀರಿ. ನನ್ನ ಮಟ್ಟಿಗೆ ಅದು ದಿನಕ್ಕೊಂದು ಕರೆಕರೆ.

ಇರಲಿ, ನಿಮ್ಮ ಫಾರಂ ಬರಿದಾಗಿದ್ದರೆ ನಿಮ್ಮ ಸಾಹೇಬರು ಬೈಯುತ್ತಾರೆ. ಬರೆದುಕೊಳ್ಳಿ, ನನಗೊಬ್ಬ ಸೋದರಳಿಯ ಇದ್ದಾನೆ. ನಂಬರ್ ಕೆಳಗಿದೆ. ಬಹಳ ಸಮಯಪ್ರಜ್ಞೆಯ ಮನುಷ್ಯ.

ಹದಿನಾಲ್ಕು

*

ಏಪ್ರಿಲ್ 13

ಯಜಮಾನರೇ,

ನಿಮ್ಮ ಸೋದರಳಿಯನಿಗೆ ನಿನ್ನೆ ಮಧ್ಯಾಹ್ನ ಫೋನ್ ಮಾಡಿದೆ. ಗಡಿಯಾರ ರಿಪೇರಿ ಅಂಗಡಿ. ಸಮಯಪ್ರಜ್ಞೆ! ನೀವು ಬರೆದು ಎಷ್ಟು ಖುಷಿಪಟ್ಟಿರಬಹುದು ಅಂತ ಊಹಿಸಿಕೊಂಡೆ.

ಅಂಗಡಿಯವರಿಗೆ ನಿಮಗಿಂತ ಹೆಚ್ಚು ವಯಸ್ಸು. ಒಂದು ತಿಂಗಳಿನಿಂದ ಅಂಗಡಿ ಮುಚ್ಚಿದೆ, ಒಳಗೇ ಒಬ್ಬರೇ ಇದ್ದಾರೆ. “ಯಾರಾದ್ರೂ ಫೋನ್ ಮಾಡಿದ್ರಲ್ಲ ತಾಯಿ, ಇಡಬೇಡಿ, ಸ್ವಲ್ಪ ಮಾತಾಡಿ” ಅಂದರು. ಹೇಗೆ ಇಡಲಿ? ನಲವತ್ತು ನಿಮಿಷ ಮಾತಾಡಿದರು. ನನ್ನ ಕೋಣೆಗಿರುವುದು ಒಂದೇ ಫೋನು.

ಆ ನಲವತ್ತು ನಿಮಿಷದಲ್ಲಿ ಒಂಬತ್ತನೇ ಹಾಸಿಗೆಯವರ ಮಗ ಮೂರು ಸಲ ಫೋನ್ ಮಾಡಿದ್ದ. ಮೂರು ಗಂಟೆಗೆ ವಾರ್ಡಿನ ಟ್ಯಾಬ್ಲೆಟ್ಟಿಗೆ ವಿಡಿಯೋ ಕರೆ ಸೇರಿಸಿ ಅಪ್ಪನ ಮುಖ ತೋರಿಸುತ್ತೇನೆ ಅಂತ ನಾನೇ ಮಾತು ಕೊಟ್ಟಿದ್ದೆ. ನಾನು ಫೋನ್ ಇಟ್ಟು ನೋಡುವ ಹೊತ್ತಿಗೆ ಮೂರೂವರೆ. ಒಂಬತ್ತನೆಯವರು ಮೂರೂ ಇಪ್ಪತ್ತಕ್ಕೆ ಹೋಗಿದ್ದರು. ನಿಮಗೆ ಗೊತ್ತೇ ಇರಬೇಕು, ನಿಮ್ಮ ಎದುರಿನ ಸಾಲು.

ಮಗ ಗೇಟಿನ ಹೊರಗಿದ್ದ. ಅವರ ಕನ್ನಡಕ, ಹಲ್ಲಿನ ಸೆಟ್ಟು, ಒಂದು ಅಂಗಿ ಇದ್ದ ಚೀಲವನ್ನು ನಾನೇ ಹೋಗಿ ಕೊಟ್ಟೆ. ಬೈಯುತ್ತಾನೆ ಅಂದುಕೊಂಡೆ. “ನಿಮಗೆ ಎಷ್ಟು ಜನಾನೋ ಏನೋ ಮೇಡಂ” ಅಂದ. ಬೈದಿದ್ದರೆ ಚೆನ್ನಾಗಿತ್ತು.

ತಪ್ಪೆಲ್ಲ ನಿಮ್ಮದು ಅನ್ನುತ್ತಿಲ್ಲ. ಫೋನ್ ಇಡದವಳು ನಾನು. ಆದರೆ ಇನ್ನೊಂದು ಸುಳ್ಳು ನಂಬರಿಗೆ ನನ್ನ ಹತ್ತಿರ ಸಮಯವೂ ಇಲ್ಲ, ತಾಳ್ಮೆಯೂ ಇಲ್ಲ. ಬರೆಯದಿದ್ದರೆ ಫಾರಂನಲ್ಲಿ ‘ಯಾರೂ ಇಲ್ಲ’ ಅಂತ ಹಾಕಿ ಕೇಂದ್ರಕ್ಕೆ ಕಳಿಸುತ್ತೇನೆ.

ಸ.ಕಾ.

*

ಏಪ್ರಿಲ್ 13

ಮೇಡಮ್ಮನವರೇ,

ಒಂಬತ್ತನೆಯವರು ನನಗೆ ದಿನಾ ಬೆಳಿಗ್ಗೆ ಕೈ ಎತ್ತುತ್ತಿದ್ದರು. ಇವತ್ತು ಆ ಹಾಸಿಗೆ ಖಾಲಿ. ಅದಕ್ಕೂ ನನ್ನ ಗಡಿಯಾರಕ್ಕೂ ಸಂಬಂಧ ಇದೆ ಅಂತ ನಿಮ್ಮ ಕಾಗದ ನೋಡುವವರೆಗೂ ಗೊತ್ತಿರಲಿಲ್ಲ.

ಒಂದು ನಂಬರ್ ಕೊಡುತ್ತೇನೆ. ಇದು ನಿಜವಾದ ಮನುಷ್ಯರದು. ನಮ್ಮ ಅಚ್ಚುಕೂಟದಲ್ಲಿ ಪ್ರೂಫ್ ನೋಡುತ್ತಿದ್ದ ಹೆಂಗಸು, ಈಗ ಸಿಟಿ ಬಸ್ಸು ಓಡಿಸುತ್ತಾಳೆ. ಊರೆಲ್ಲ ಬಾಗಿಲು ಹಾಕಿಕೊಂಡಿದ್ದರೂ ಅವಳ ಬಸ್ಸು ನಿಮ್ಮಂಥ ಆಸ್ಪತ್ರೆಯವರನ್ನು ತುಂಬಿಕೊಂಡು ಓಡುತ್ತಿರಬೇಕು. ನಾನು ಹೇಗಿದ್ದೇನೆ ಅಂತ ಹೇಳುವುದು ಬೇಡ. ಅವಳು ಹೇಗಿದ್ದಾಳೆ, ಕೆಮ್ಮು ಗಿಮ್ಮು ಏನಾದರೂ ಇದೆಯಾ, ಅಷ್ಟು ಕೇಳಿ ನನಗೆ ತಿಳಿಸಿ. ಸಾಕು.

ಹದಿನಾಲ್ಕು

*

ಏಪ್ರಿಲ್ 15

ಮೇಡಮ್ಮನವರೇ,

ಮೊನ್ನೆಯ ಕಾಗದ ಇನ್ನೂ ಕಪಾಟಿನಲ್ಲೇ ಇದೆಯಂತೆ. ಗಗನಯಾತ್ರಿಯ ಕಾಲು ಹಿಡಿಯುವುದೊಂದು ಬಾಕಿ, ವಾಪಸು ಕೊಡುವುದಿಲ್ಲ ಅಂತಾರೆ. ಒಳಗೆ ಹೋದದ್ದು ಮೂರು ದಿನ ಆಗದೆ ಹೊರಗೆ ಬರುವ ಹಾಗಿಲ್ಲವಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ: ಆ ನಂಬರಿಗೆ ಫೋನ್ ಮಾಡಬೇಡಿ.

ಪ್ರೂಫ್ ನೋಡುತ್ತಿದ್ದವಳು ಅಂದದ್ದು ಸುಳ್ಳು. ಪೂರ್ತಿ ಸುಳ್ಳಲ್ಲ, ರಜದಲ್ಲಿ ನೋಡುತ್ತಿದ್ದಳು. ನನ್ನ ಮಗಳು.

ನಾಲ್ಕು ವರ್ಷದ ಹಿಂದೆ ನನಗೆ ಎಪ್ಪತ್ತು ತುಂಬಿತು. ಎಲ್ಲರನ್ನೂ ಕರೆದು ಊಟ ಹಾಕಿಸೋಣ ಅಂತ. ಮಗಳು ‘ಡ್ಯೂಟಿ ಇದೆ, ಆಗಲ್ಲ’ ಅಂದಳು. ನಾನು ಒಂದು ಉಪಾಯ ಮಾಡಿದೆ. ಧ್ವನಿ ಬದಲಾಯಿಸಿ, ಮೂಗು ಹಿಡಿದುಕೊಂಡು ಡಾಕ್ಟರ್ ಥರ ಅವಳಿಗೆ ಫೋನ್ ಮಾಡಿ, ‘ನಿಮ್ಮ ತಂದೆಗೆ ಬಹಳ ಸೀರಿಯಸ್ಸು, ಈಗಲೇ ಬನ್ನಿ’ ಅಂದೆ. ಅವಳು ಮಧ್ಯರಸ್ತೆಯಲ್ಲಿ ಬಸ್ಸು ನಿಲ್ಲಿಸಿ, ಜನರನ್ನೆಲ್ಲ ಇಳಿಸಿ, ಓಡಿ ಬಂದಳು. ಬಾಗಿಲು ತೆಗೆದರೆ ನಾನು ಹೊಸ ಅಂಗಿ ಹಾಕಿಕೊಂಡು ನಿಂತಿದ್ದೇನೆ. ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಗಲಿಲ್ಲ. ಒಂದು ತಿಂಗಳು ಕೆಲಸದಿಂದ ಸಸ್ಪೆಂಡ್ ಆದಳು ಅಂತ ಆಮೇಲೆ ಬೇರೆಯವರಿಂದ ತಿಳಿಯಿತು. ‘ಇನ್ಮೇಲೆ ನೀನು ನಿಜವಾಗಿ ಸತ್ರೂ ನನಗೆ ಹೇಳಿ ಕಳಿಸಬೇಡ’ ಅಂದು ಹೋದವಳು ಮತ್ತೆ ಬರಲಿಲ್ಲ.

ಯಾವಾಗಾದರೂ ಒಮ್ಮೆ ಬೀದಿ ಕೊನೆಯ ಅಂಗಡಿಯಿಂದ ಆ ನಂಬರಿಗೆ ಫೋನ್ ಮಾಡುತ್ತೇನೆ. ‘ಹಲೋ, ಯಾರು?’ ಅಂತಾಳೆ. ಇಡುತ್ತೇನೆ. ಈಗ ಆಸ್ಪತ್ರೆಯಿಂದ ಅಂತ ನೀವು ಫೋನ್ ಮಾಡಿದರೆ ಮತ್ತೆ ಅದೇ ಆಟ ಅಂದುಕೊಂಡು ನಂಬರನ್ನೇ ಬದಲಾಯಿಸಿಬಿಡುತ್ತಾಳೆ. ಆ ‘ಹಲೋ’ನೂ ಹೋಗುತ್ತದೆ. ಮಾಡಬೇಡಿ. ನಾನು ಕೇಂದ್ರಕ್ಕೇ ಹೋಗುತ್ತೇನೆ.

ಹದಿನಾಲ್ಕು

*

ಏಪ್ರಿಲ್ 16

ಯಜಮಾನರೇ,

ನಿಮ್ಮ 13ರ ಕಾಗದ ಇವತ್ತು ಕೈಗೆ ಬಂತು. ಬಂದ ತಕ್ಷಣ ಫೋನ್ ಮಾಡಿದೆ. ನಿಮ್ಮ ಆ ಪ್ರೂಫ್ ನೋಡುವ ಹೆಂಗಸು ಎಂಥವರು ರೀ?

ನೀವು ಹೇಳಿದಂತೆ ಬರೀ ಯೋಗಕ್ಷೇಮ ಕೇಳಿ ಇಡಲಾಗಲಿಲ್ಲ. ಮೂವತ್ತರಲ್ಲಿ ಒಬ್ಬರಿಗೆ ಮನೆಯವರಿಲ್ಲ ಅಂತ ನಮ್ಮ ಮೇಲಿನವರು ದಿನಾ ತಲೆ ತಿನ್ನುತ್ತಿದ್ದಾರೆ. ಅದಕ್ಕೇ ವಿಷಯ ಪೂರ್ತಿ ಹೇಳಿದೆ: “ನೀವು ಅವರ ಅಚ್ಚುಕೂಟದಲ್ಲಿ ಪ್ರೂಫ್ ನೋಡ್ತಿದ್ರಂತೆ. ಅವರಿಗೆ ಕಾಯಿಲೆ ಜೋರಾಗಿದೆ, ಗಂಟಲಿಗೆ ನಳಿಕೆ ಹಾಕಿದೆ, ಮಾತು ಬರಲ್ಲ. ಬೇರೆ ಯಾರೂ ಇಲ್ಲ. ನೀವು ಸ್ವಲ್ಪ…” ಅನ್ನುವಷ್ಟರಲ್ಲಿ ಆ ಕಡೆ ನಗು.

“ಪ್ರೂಫ್ ನೋಡೋಳು! ಚೆನ್ನಾಗಿದೆ. ಮಾತು ಬೇರೆ ಬರಲ್ವಾ? ಅದು ಹೊಸದು. ಈ ಸಲ ಪಾತ್ರಕ್ಕೆ ನಿಮ್ಮನ್ನ ಹಿಡಿದ್ನಾ? ಧ್ವನಿ ಚೆನ್ನಾಗಿದೆ ಮೇಡಂ ನಿಮ್ದು. ದಣಿದಿರೋ ಥರ ಮಾಡ್ತೀರಲ್ಲ, ಅದು ತುಂಬಾ ನೈಜವಾಗಿದೆ.”

ಇಟ್ಟುಬಿಟ್ಟರು. ಎಂಟು ವಾರದಿಂದ ರಜ ಇಲ್ಲದವಳು ನಾನು. ದಣಿವಿನ ಅಭಿನಯವಂತೆ!

ಅಂದ ಹಾಗೆ, ಕೆಮ್ಮು ಇಲ್ಲ. ನಗು ಗಟ್ಟಿಯಾಗೇ ಇತ್ತು.

ಸ.ಕಾ.

*

ಏಪ್ರಿಲ್ 18

ಯಜಮಾನರೇ,

15ರ ಕಾಗದ ಇವತ್ತು ಬಂತು. ಓದಿ ಹಣೆ ಹಣೆ ಚಚ್ಚಿಕೊಂಡೆ. ‘ಫೋನ್ ಮಾಡಬೇಡಿ’ ಅನ್ನುವುದನ್ನು ಯಾರಾದರೂ ಕಾಗದದಲ್ಲಿ ಬರೆದು ಮೂರು ದಿನ ಕಪಾಟಿನಲ್ಲಿ ಇಡಿಸುತ್ತಾರಾ? ಒಂದು ಚೀಟಿ ಬರೆದು ಸಿಸ್ಟರ್ ಮುಖಕ್ಕೆ ಹಿಡಿದಿದ್ದರೆ ಅವರು ಒಳಗಿನ ಫೋನಿನಿಂದ ನನಗೆ ಹೇಳುತ್ತಿದ್ದರು. ಆ ಬುದ್ಧಿ ನಿಮಗೂ ಬರಲಿಲ್ಲ, ಹಾಗೆ ಮಾಡಬಹುದು ಅಂತ ಹೇಳುವ ಬುದ್ಧಿ ನನಗೂ ಬರಲಿಲ್ಲ.

ಕೂಡಲೇ ಮತ್ತೆ ಫೋನ್ ಮಾಡಿದೆ. ನಂಬರ್ ಬದಲಾಗಿಲ್ಲ, ಸಮಾಧಾನ ಮಾಡಿಕೊಳ್ಳಿ. “ನೋಡಿ, ನೀವು ಮಗಳು ಅಂತ ನನಗೆ ಈಗ ಗೊತ್ತಾಯ್ತು” ಅಂದೆ. “ಮೊನ್ನೆ ಪ್ರೂಫ್ ನೋಡೋಳು, ಇವತ್ತು ಮಗಳು. ನಾಳೆ ಅಜ್ಜಿ ಮಾಡ್ತೀರಾ? ಕಥೆ ಸರಿಯಾಗಿ ಬಾಯಿಪಾಠ ಮಾಡ್ಕೊಂಡು ಬನ್ನಿ ಮೇಡಂ” ಅಂದಳು. ಟ್ಯಾಬ್ಲೆಟ್ಟಿನಲ್ಲಿ ಮುಖ ತೋರಿಸುತ್ತೇನೆ ಅಂದೆ. “ನಾಟಕಕ್ಕೆ ವೇಷಾನೂ ಹಾಕಿದಾನಾ?” ಅಂದಳು. ನಾನು ನಿಜ ಹೇಳಿದಷ್ಟೂ ನಿಮ್ಮ ತಮಾಷೆಯ ಹಾಗೇ ಕೇಳಿಸುತ್ತದೆ. ಇಂಥ ಫಜೀತಿ ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ನೋಡಿಲ್ಲ.

ಉಳಿದಿರುವುದು ಹನ್ನೊಂದು ದಿನ. ನಿಮ್ಮ ಕೈಬರಹ ಅವಳಿಗೆ ಗೊತ್ತು. ಮಗಳಿಗೆ ಒಂದು ಕಾಗದ ಬರೆಯಿರಿ. ಅದರಲ್ಲಿ ಒಂದೇ ಒಂದು ತಮಾಷೆ ಇರಬಾರದು. ಪದ ತಿರುಚುವುದು, ಪ್ರಾಸ, ಅಡ್ಡ ಮಾತು, ಏನೂ ಬೇಡ. ಕಾಯಿಲೆ ಇದೆ ಅನ್ನಿ, ಬಾ ಅನ್ನಿ, ತಪ್ಪಾಯಿತು ಅನ್ನಿ. ಮುಗಿಯಿತು. ನಾನೇ ಅವಳ ಡಿಪೋಗೆ ಹೋಗಿ ಕೊಡುತ್ತೇನೆ.

ಕೇಂದ್ರಕ್ಕೇ ಹೋಗುತ್ತೇನೆ ಅಂತ ಇನ್ನೊಂದು ಸಲ ಬರೆದರೆ ನಾನು ಆ ಉಡುಪು ಹಾಕಿಕೊಂಡು ಮೇಲೆ ಬಂದು ಬೈಯುತ್ತೇನೆ.

ಸ.ಕಾ.

*

ಏಪ್ರಿಲ್ 21

ಮೇಡಮ್ಮನವರೇ,

ಇಷ್ಟು ಕಷ್ಟದ ಕೆಲಸ ಯಾರಿಗೂ ಕೊಡಬೇಡಿ. ಮೂರು ದಿನದಿಂದ ಹನ್ನೊಂದು ಕಾಗದ ಹರಿದೆ. ಮೊದಲನೆಯದು ‘ಗಂಟಲಿಗೆ ಗಂಟುಬಿದ್ದ ನಳಿಕೆ’ ಅಂತ ಶುರುವಾಯಿತು. ಹರಿದೆ. ನಾಲ್ಕನೆಯದರಲ್ಲಿ ಆರು ಸಾಲು ಗಂಭೀರವಾಗಿ ಹೋಗಿ ಏಳನೆಯದಕ್ಕೆ ಡಾಕ್ಟರ ಬೋಳುತಲೆ ನುಗ್ಗಿತು. ಹರಿದೆ. ಎಂಟನೆಯದರಲ್ಲಿ ತಪ್ಪಾಯಿತು ಅಂತ ಬರೆದು, ಪಕ್ಕದಲ್ಲಿ ‘ಅಚ್ಚಿನ ತಪ್ಪಲ್ಲ, ಅಚ್ಚುಕೂಟದವನ ತಪ್ಪು’ ಅಂತ ಸೇರಿಸಿದೆ. ಸಿಸ್ಟರ್ ಓದಿ ತಲೆ ಅಲ್ಲಾಡಿಸಿದರು. ಅದನ್ನೂ ಹರಿದೆ.

ಹನ್ನೆರಡನೆಯದು ಇದರ ಜೊತೆಗಿದೆ. ಓದಿ ನೋಡಿದೆ. ಯಾರೋ ಬರೆದ ಹಾಗಿದೆ.

ಹದಿನಾಲ್ಕು

(ಜೊತೆಗಿದ್ದ ಕಾಗದ)

ಮಗಳೇ,

ನನಗೆ ಕಾಯಿಲೆ ಬಂದಿದೆ. ಇದು ನಿಜ. ಗಂಟಲಲ್ಲಿ ನಳಿಕೆ ಇದೆ, ಮಾತು ಬರುವುದಿಲ್ಲ. 29ಕ್ಕೆ ಇಲ್ಲಿಂದ ಕಳಿಸುತ್ತಾರೆ. ನೀನು ಬಂದು ನಳಿಕೆಯ ಕೆಲಸ ಕಲಿತರೆ ನಿನ್ನ ಜೊತೆ ಬರಬಹುದು. ಅವತ್ತು ನಾನು ಮಾಡಿದ್ದು ತಪ್ಪು. ಬರಲೇಬೇಕು ಅಂತಿಲ್ಲ.

ಅಪ್ಪ

*

ಏಪ್ರಿಲ್ 25

ಆಸ್ಪತ್ರೆಯ ಮೇಡಂಗೆ,

ನಿನ್ನೆ ಡಿಪೋದಲ್ಲಿ ನೀವು ಕೊಟ್ಟು ಹೋದ ಕಾಗದ ನೋಡಿದೆ. ಅಕ್ಷರ ನಮ್ಮಪ್ಪನದೇ. ಕಾಗದ ನಮ್ಮಪ್ಪನದಲ್ಲ.

ನಮ್ಮಪ್ಪ ಹೀಗೆ ಬರೆಯುವುದಿಲ್ಲ. ನಾನು ಶಾಲೆಯಲ್ಲಿ ಫೇಲಾದಾಗ ಬರೆದ ಕಾಗದದಲ್ಲೂ ತಮಾಷೆ ಇತ್ತು. ಅಮ್ಮ ಹೋದ ದಿನ ಸಂಬಂಧಿಕರಿಗೆಲ್ಲ ತಿಳಿಸುವ ಕಾರ್ಡನ್ನು ತಾನೇ ಮೊಳೆ ಜೋಡಿಸಿ ಅಚ್ಚು ಹಾಕಿದ. ಅದರಲ್ಲಿ ಕೂಡ ‘ಜೀವನವಿಡೀ ನನ್ನ ಮಾತು ಕೇಳಿಸಿಕೊಂಡವಳು ಕೊನೆಗೂ ತಪ್ಪಿಸಿಕೊಂಡಳು’ ಅಂತ ಹಾಕಿದ್ದ. ಅತ್ತೆ ಮಾವಂದಿರೆಲ್ಲ ಬೈದರು. ನನಗೆ ಮಾತ್ರ ಗೊತ್ತಿತ್ತು, ಆ ಒಂದು ಸಾಲು ಜೋಡಿಸಲು ಅವನಿಗೆ ಇಡೀ ಬೆಳಿಗ್ಗೆ ಹಿಡಿದಿತ್ತು.

ಆ ಮನುಷ್ಯ ಏಳು ಸಾಲು ಬರೆದಿದ್ದಾನೆ, ಒಂದರಲ್ಲೂ ತಮಾಷೆ ಇಲ್ಲ. ‘ಬರಲೇಬೇಕು ಅಂತಿಲ್ಲ’ ಅಂತೆ. ಮೊದಲು ನೀವು ಪಕ್ಕ ಕೂತು ಬರೆಸಿದ್ದೀರಿ ಅಂದುಕೊಂಡು ಸಿಟ್ಟು ಬಂತು. ಆಮೇಲೆ ಎರಡು ಟ್ರಿಪ್ಪು ಹೊಡೆದೆ. ಎರಡರಲ್ಲೂ ಸ್ಟಾಪು ಮರೆತು ಮುಂದೆ ಹೋದೆ. ಜನ ಕೂಗಿಕೊಂಡರು.

ಏನು ಮಾಡಿದ್ದೀರಿ ನಮ್ಮಪ್ಪನಿಗೆ? ನಿಜ ಹೇಳಿ. ಅವನು ಅಷ್ಟೊಂದು ಕೆಟ್ಟಿದ್ದಾನಾ?

ಮಗಳು

*

ಏಪ್ರಿಲ್ 25

ಅಮ್ಮಾ ತಾಯಿ,

ಬರೆಸಿದ್ದು ನಾನೇ. ತಮಾಷೆ ಬೇಡ ಅಂತ ಕಟ್ಟಪ್ಪಣೆ ಮಾಡಿದ್ದೂ ನಾನೇ. ಅದಕ್ಕೆ ಮುಂಚೆ ಹನ್ನೊಂದು ಹರಿದಿದ್ದಾರೆ, ಅಷ್ಟೂ ತಮಾಷೆಯದ್ದೇ. ಹತ್ತೊಂಬತ್ತು ವರ್ಷದಿಂದ ಮನೆಯವರನ್ನು ಹುಡುಕುತ್ತಿದ್ದೇನೆ. ನಗಿಸಿದರೂ ನಂಬುವುದಿಲ್ಲ, ನಗಿಸದಿದ್ದರೂ ನಂಬುವುದಿಲ್ಲ ಅನ್ನುವ ಮನೆ ಇದೊಂದೇ.

ಈಗ ಅಪಾಯವಿಲ್ಲ. ನಳಿಕೆ ಇದೆ, ಸೊರಗಿದ್ದಾರೆ, ಗೋಡೆ ಹಿಡಿದು ಹತ್ತು ಹೆಜ್ಜೆ ನಡೆಯುತ್ತಾರೆ. ಕೇಂದ್ರಕ್ಕೆ ಹೋದರೆ ಏನಾಗುತ್ತದೆ ಅಂತ ನಾನು ಹೇಳಲಾರೆ. ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ಎರಡನೇ ಗೇಟಿಗೆ ಬನ್ನಿ, ತರಬೇತಿಗೆ ಮಾತ್ರ ಒಳಗೆ ಬಿಡುತ್ತಾರೆ, ನೆಲಮಹಡಿಯಲ್ಲೇ. ಇದು ನಾಟಕ ಅಂತ ಆದರೆ ನಿಮ್ಮ ಬಸ್ಸನ್ನು ನನ್ನ ಮೇಲೆ ಹತ್ತಿಸಿ. ಸತ್ಯವಾಗಿ ಹೇಳುತ್ತೇನೆ, ನಾನು ಪಕ್ಕಕ್ಕೆ ಸರಿಯುವುದಿಲ್ಲ. ಅಷ್ಟು ಸಾಕಾಗಿದೆ.

ಸ.ಕಾ.

*

ಏಪ್ರಿಲ್ 28

ಯಜಮಾನರೇ,

ನಿನ್ನೆ ಬಂದಳು, ಇವತ್ತೂ ಬಂದಳು. ನಿನ್ನೆಯೇ ಬರೆಯದೆ ಇದ್ದದ್ದು ಬೇಕೆಂದೇ. ಇವತ್ತು ಬರದೆ ಇದ್ದರೆ ಅಂತ.

ಹತ್ತು ಗಂಟೆ ಅಂದರೆ ಒಂಬತ್ತೂ ಕಾಲಿಗೇ ಗೇಟಿನಲ್ಲಿದ್ದಳು, ಡ್ರೈವರ್ ಸಮವಸ್ತ್ರದಲ್ಲಿ. ಟ್ಯಾಬ್ಲೆಟ್ಟಿನಲ್ಲಿ ನಿಮ್ಮನ್ನು ತೋರಿಸಲಾ ಅಂದೆ. ಬೇಡ, ಮೊದಲು ಕೆಲಸ ಕಲೀತೀನಿ ಅಂದಳು. ಹೇಳಿಕೊಡುವ ನರ್ಸ್ ಒಂದು ರಬ್ಬರ್ ಗೊಂಬೆ ತಂದರು. ಅದರ ಗಂಟಲಿಗೆ ನಳಿಕೆ. ಮೊದಲನೇ ಸಲ ಕೊಳವೆಯನ್ನು ಜಾಸ್ತಿ ಒಳಗೆ ತಳ್ಳಿದಳು. “ಕೊಂದ್ರಿ” ಅಂದರು ನರ್ಸ್. ಎರಡನೇ ಸಲ ಯಂತ್ರ ಆನ್ ಮಾಡುವುದೇ ಮರೆತಳು. “ಮತ್ತೆ ಕೊಂದ್ರಿ” ಅಂದರು. ನಿಮ್ಮ ಮಗಳು ಗೊಂಬೆ ಕಡೆ ನೋಡಿಕೊಂಡು, “ಇವನು ಇಷ್ಟು ಸುಲಭಕ್ಕೆ ಸಾಯೋನಲ್ಲ, ನೀವು ಹೇಳ್ಕೊಡಿ” ಅಂದಳು. ಇವತ್ತು ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಸಲದಲ್ಲಿ ಒಂಬತ್ತೂ ಸರಿ. ಪಾಸು.

ಹೋಗುವಾಗ ನನ್ನ ಕೋಣೆಗೆ ಬಂದಳು. ಚೀಲಗಳ ರಾಶಿ ಕಡೆ ನೋಡಿದಳು, ಕನ್ನಡಕ, ಚಪ್ಪಲಿ, ಚಾರ್ಜರ್. “ಇವೆಲ್ಲ ಯಾರದು?” ಅಂದಳು. ಯಾರೂ ಬರದೆ ಉಳಿದಿದ್ದು ಅಂದೆ. ಕಾಗದ ಕೇಳಿ ಅಲ್ಲೇ ನಿಂತು ನಿಮಗೆ ಬರೆದಳು. ಇದರ ಜೊತೆ ಕಳಿಸುತ್ತಿದ್ದೇನೆ. ನಾನು ಓದಿಲ್ಲ. (ಓದಿದೆ. ಮಡಚಿರಲಿಲ್ಲ.)

ಫಾರಂ ತುಂಬಿ ಮೇಲಿನವರಿಗೆ ಕೊಟ್ಟೆ. ಮೂವತ್ತಕ್ಕೆ ಮೂವತ್ತು. ಅವರು ಅದರ ಮೇಲೆ ಕಣ್ಣೂ ಹಾಯಿಸದೆ, ಬೆಳಿಗ್ಗೆ ಬಂದ ಹೊಸ ಏಳು ಜನರ ಪಟ್ಟಿ ಕೈಗಿಟ್ಟರು. ಮೊದಲನೆಯವರೇ ‘ನನಗೆ ಯಾರೂ ಇಲ್ಲ, ತಲೆ ತಿನ್ನಬೇಡಿ’ ಅಂದಿದ್ದಾರಂತೆ.

ಹೋಗಿ ಬನ್ನಿ. ಅಲ್ಲ, ಹೋಗಿ. ಬರಬೇಡಿ.

ಸ.ಕಾ.

*

ಏಪ್ರಿಲ್ 28

ಅಪ್ಪಾ,

ನಾಳೆ ಹನ್ನೊಂದು ಗಂಟೆಗೆ ಬರುತ್ತೇನೆ. ತಯಾರಾಗಿರು.

ನನ್ನ ಮನೆ ಎರಡನೇ ಮಹಡಿ. ಮೆಟ್ಟಿಲಿಗೆ ಡಿಪೋದ ಇಬ್ಬರನ್ನು ಕರೆದಿದ್ದೇನೆ, ಕುರ್ಚಿಯಲ್ಲಿ ಕೂರಿಸಿ ಎತ್ತುತ್ತಾರೆ. ಮಂಚ ಕಿಟಕಿ ಹತ್ತಿರ ಹಾಕಿದ್ದೇನೆ. ಬೆಳಿಗ್ಗೆ ಪಾಳಿಗೆ ಹೋದಾಗ ಕೆಳಗಿನ ಮನೆ ಟೀಚರ್ ನೋಡಿಕೊಳ್ಳುತ್ತಾರೆ. ಅವರಿಗೂ ನಳಿಕೆಯ ಕೆಲಸ ಹೇಳಿಕೊಡುತ್ತೇನೆ. ಅವರ ಹತ್ತಿರ ನಿನ್ನ ಆಟ ನಡೆಯುವುದಿಲ್ಲ, ಮೂವತ್ತು ವರ್ಷ ಏಳನೇ ಕ್ಲಾಸು ಸಂಭಾಳಿಸಿದವರು.

ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ. ಅದನ್ನು ಇನ್ನೂ ಯೋಚನೆ ಮಾಡಿಲ್ಲ.

ನಳಿಕೆ ತೆಗೆಯಲು ಎರಡು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಮಾತು ಬರುವುದಿಲ್ಲ, ಬೇಜಾರು ಮಾಡ್ಕೋಬೇಡಿ ಅಂದರು ಡಾಕ್ಟರ್. ನನಗೇನು ಬೇಜಾರು? ಹುಟ್ಟಿದಾಗಿನಿಂದ ನೀನು ಮಾತಾಡಿದ್ದೀಯ, ನಾನು ಕೇಳಿದ್ದೇನೆ. ಅವತ್ತು ಬಸ್ಸಿನಿಂದ ಇಳಿದವರು ನನಗೆ ಏನಂದರು, ಡಿಪೋದಲ್ಲಿ ಏನು ಕೇಳಿದರು, ನಿನ್ನ ಮನೆವರೆಗೆ ಓಡಿ ಬರುವಾಗ ದಾರಿಯುದ್ದಕ್ಕೂ ನಾನು ಯಾರ್ಯಾರಿಗೆ ಏನೇನು ಬೇಡಿಕೊಂಡೆ, ಒಂದೂ ನಿನಗೆ ಗೊತ್ತಿಲ್ಲ. ಈಗ ಎರಡು ತಿಂಗಳಿದೆ. ನಿಧಾನವಾಗಿ ಎಲ್ಲ ಹೇಳುತ್ತೇನೆ. ನೀನು ಸುಮ್ಮನೆ ಕೇಳಬೇಕು.

ಪೆನ್ನು ಅಲ್ಲೇ ಬಿಟ್ಟು ಬಾ.

ಮಗಳು